ಎಟ್ರಸ್ಕನ್ ಶಿರಸ್ತ್ರಾಣ ಕೊಳ್ಳುವ ಮುನ್ನ ಏನು ಕೇಳಬೇಕು, ಏನು ನೋಡಬೇಕು?

ತುಂಗಾತೀರ:

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆಯವನಾದ ನಾನು ಹನ್ನೊಂದು ವರ್ಷಗಳಿಂದ ಜರ್ಮನಿಯಲ್ಲಿದ್ದೇನೆ. ಪ್ರಾಚೀನ ಇಟಲಿಯ ಆಯುಧಗಳ ಮೇಲೆ ನನಗೆ ಒಲವು ಹುಟ್ಟಿದ್ದು ಬರ್ಲಿನ್ನಿನ ಆಲ್ಟೆಸ್ ಮ್ಯೂಸಿಯಂನಲ್ಲಿ. ಇಟಲಿಯ ತಾರ್ಕ್ವಿನಿಯಾದಲ್ಲಿ 1869ರಲ್ಲಿ ತೆರೆದ ‘ಯೋಧನ ಸಮಾಧಿ’ಯ ವಸ್ತುಗಳು ಅಲ್ಲಿವೆ. ಕ್ರಿ.ಪೂ. 8ನೆಯ ಶತಮಾನದ ಕೊನೆಯ ದಶಕಗಳಲ್ಲಿ ಮಡಿದ ಒಬ್ಬ ಸಿರಿವಂತನ ಕಂಚಿನ ಗುರಾಣಿ, ಆಯುಧ, ಒಡವೆ, ಪಾತ್ರೆಗಳನ್ನು ಒಂದೇ ಕಡೆ ಕಂಡ ಆ ಮಧ್ಯಾಹ್ನದಿಂದ, ರೋಮ್ ಪ್ರಬಲವಾಗುವ ಮೊದಲು ಮಧ್ಯ ಇಟಲಿಯಲ್ಲಿ ಮೆರೆದ ಎಟ್ರಸ್ಕನ್ನರ ಯುದ್ಧಸಾಮಗ್ರಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಈವರೆಗೆ ಒಂದು ಈಟಿಮೊನೆಯನ್ನೂ ಕೊಂಡವನಲ್ಲ.

ಈಗ ಒಬ್ಬ ವ್ಯಾಪಾರಿ ನನಗೆ ಕಂಚಿನ ಶಿರಸ್ತ್ರಾಣವೊಂದನ್ನು ತೋರಿಸಿದ್ದಾರೆ. ನೆಗಾವು ಮಾದರಿ ಎನ್ನುತ್ತಾರಲ್ಲ, ನೆತ್ತಿಯ ಮೇಲೆ ಮುಂದಿನಿಂದ ಹಿಂದಕ್ಕೆ ಓಡುವ ಏಣು, ಕೆಳಗೆ ಸುತ್ತಲೂ ಒಂದು ತೋಡು, ಅದರ ಕೆಳಗೆ ಹೊರಚಾಚಿದ ಅಂಚು, ಅಂಥದ್ದು. ಕ್ರಿ.ಪೂ. 5ನೆಯ ಶತಮಾನದ್ದೆಂದು ಹೇಳುತ್ತಾರೆ. ಬೆಲೆ ಒಂದು ಸಾಧಾರಣ ಕಾರಿನಷ್ಟು. ಜೊತೆಗೆ ಕೊಡುವುದು ಒಂದೇ ಒಂದು ಹಾಳೆ: ‘ವಸ್ತು ಅಸಲಿಯಾಗಿದೆ’ ಎಂಬ ಅವರದೇ ಪ್ರಮಾಣಪತ್ರ, ಅದರಲ್ಲಿ ‘ಯುರೋಪಿನ ಹಳೆಯ ಖಾಸಗಿ ಸಂಗ್ರಹ, 1970ಕ್ಕಿಂತ ಹಿಂದಿನದು’ ಎಂಬ ಒಂದು ಸಾಲು. ವಸ್ತು ಅಸಲಿಯೇ ಎಂದು ತಿಳಿಯುವುದು ಹೇಗೆ, ಕೊಳ್ಳುವುದು ಕಾನೂನಿಗೆ ಸರಿಯೇ, ಮುಂದೆಂದಾದರೂ ಊರಿಗೆ ತರಬಹುದೇ? ತಿಳಿದವರು ದಯವಿಟ್ಟು ಹೇಳಬೇಕು.

ಕಂಚುಗಾರ:

ತುಂಗಾತೀರ ಅವರೇ, ನಾನು ಲೋಹದ ಪುರಾತನ ವಸ್ತುಗಳ ಸಂರಕ್ಷಣೆಯ ಕೆಲಸದಲ್ಲಿರುವವನು. ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ಚಿತ್ರ ನೋಡಿ ‘ಅಸಲಿ’ ಎಂದು ಯಾರು ಹೇಳಿದರೂ ನಂಬಬೇಡಿ. ‘ನಕಲಿ’ ಎಂದು ಕೆಲವೊಮ್ಮೆ ಚಿತ್ರ ನೋಡಿಯೇ ಹೇಳಬಹುದು, ಅಸಲಿ ಎನ್ನಲು ವಸ್ತು ಕೈಗೆ ಬರಲೇಬೇಕು.

ಎರಡೂವರೆ ಸಾವಿರ ವರ್ಷ ಮಣ್ಣಿನಲ್ಲಿದ್ದ ಕಂಚಿನ ಕಿಲುಬು ಮೇಲೆ ಬಳಿದ ಬಣ್ಣದ ಹಾಗೆ ಕೂತಿರುವುದಿಲ್ಲ. ಸಾಮಾನ್ಯವಾಗಿ ಲೋಹಕ್ಕೆ ತಾಗಿಕೊಂಡು ತಾಮ್ರದ ಆಕ್ಸೈಡಿನ ಕೆಂಪು ಪದರ, ಅದರ ಮೇಲೆ ಮ್ಯಾಲಕೈಟಿನ ಹಸಿರು, ಅಲ್ಲಲ್ಲಿ ಅಜುರೈಟಿನ ನೀಲಿ, ಹೀಗೆ ಪದರದ ಮೇಲೆ ಪದರವಾಗಿ ಬೆಳೆದಿರುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಿಲುಬು ಲೋಹದ ಕಣಗಳ ನಡುವಿನ ಸಂದುಗಳಿಗೂ ಇಳಿದಿರುವುದು ಕಾಣುತ್ತದೆ. ಆಮ್ಲ ಹಾಕಿ ಕೆಲವು ವಾರಗಳಲ್ಲಿ ಬರಿಸಿದ ಹಸಿರು ಹೀಗೆ ಒಳಗಿಳಿಯುವುದಿಲ್ಲ. ಅಂಟಿನಲ್ಲಿ ಬಣ್ಣ ಕಲಸಿ ಹಚ್ಚಿದ್ದರೆ ಅಸಿಟೋನ್ ಅದ್ದಿದ ಹತ್ತಿಯೇ ಅದನ್ನು ಎತ್ತಿಕೊಳ್ಳುತ್ತದೆ, ಅತಿನೇರಳೆ ದೀಪದ ಕೆಳಗೂ ಅಂಟು ಬೇರೆಯಾಗಿ ಹೊಳೆಯುತ್ತದೆ.

ಲೋಹದ ಮಿಶ್ರಣವನ್ನೂ ಪರೀಕ್ಷಿಸಬೇಕು. ಆ ಕಾಲದ ಕಂಚು ತಾಮ್ರ ಮತ್ತು ತವರದ ಮಿಶ್ರಣ. ಗಣನೀಯ ಪ್ರಮಾಣದ ಸತು ಕಂಡರೆ ಅದು ಹಿತ್ತಾಳೆ ಎಂದರ್ಥ, ಅಂಥ ಶಿರಸ್ತ್ರಾಣವನ್ನು ಅಲ್ಲಿಯೇ ಬಿಟ್ಟು ಬನ್ನಿ. ಆದರೆ ಕ್ಷ-ಕಿರಣದ ಕೈ ಯಂತ್ರವನ್ನು ಕಿಲುಬಿನ ಮೇಲೆ ಇಟ್ಟು ಪಡೆದ ಅಂಕಿಗಳನ್ನು ಲೋಹದ ಅಂಕಿಗಳೆಂದು ಕೊಡುವವರಿದ್ದಾರೆ, ಎಚ್ಚರವಿರಲಿ. ಮಣ್ಣಿನಲ್ಲಿ ತಾಮ್ರ ಕರಗಿ ಹೋಗಿ ಮೇಲ್ಮೈಯಲ್ಲಿ ತವರ ಹೆಚ್ಚಾಗಿ ಉಳಿದಿರುತ್ತದೆ. ‘ಥರ್ಮೋಲ್ಯುಮಿನೆಸೆನ್ಸ್ ಪರೀಕ್ಷೆ ಮಾಡಿಸಿದ್ದೇವೆ’ ಎಂದು ಯಾರಾದರೂ ಹೇಳಿದರೆ ಯಾವುದರ ಮೇಲೆ ಎಂದು ಕೇಳಿ. ಆ ಪರೀಕ್ಷೆ ಸುಟ್ಟ ಮಣ್ಣಿನದು. ಒಳಗೆ ಮಣ್ಣಿನ ತಿರುಳುಳಿದ ಎರಕದ ಬೊಂಬೆಗೆ ಅದು ಸಲ್ಲಬಹುದು, ತಗಡಿನಂಥ ಶಿರಸ್ತ್ರಾಣಕ್ಕೆ ಸಲ್ಲುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಪೂರ್ತಿ ನಕಲಿ ವಸ್ತುಗಳಲ್ಲ, ಅರ್ಧ ಅಸಲಿ ವಸ್ತುಗಳು. ಒಡೆದ ಎರಡು ಮೂರು ಶಿರಸ್ತ್ರಾಣಗಳ ಚೂರುಗಳನ್ನು ರಾಳದಿಂದ ಜೋಡಿಸಿ, ಸಂದುಗಳನ್ನು ತುಂಬಿ, ಒಂದೇ ಬಣ್ಣ ಬರುವಂತೆ ಮುಚ್ಚಿ ಮಾರುತ್ತಾರೆ. ಎಲ್ಲಿಂದ ಚೂರು ತೆಗೆದು ಪರೀಕ್ಷಿಸಿದರೂ ಲೋಹ ಹಳೆಯದೇ ಎಂದು ವರದಿ ಬರುತ್ತದೆ! ಕ್ಷ-ಕಿರಣದ ಚಿತ್ರ ಮಾತ್ರ ಇದನ್ನು ಬಯಲು ಮಾಡುತ್ತದೆ. ನಿಮ್ಮ ವ್ಯಾಪಾರಿಯ ಹತ್ತಿರ ಅಂಥ ಚಿತ್ರವಿದೆಯೇ ಎಂದು ಕೇಳಿ ನೋಡಿ.

ಉತ್ಖನನ ವಿದ್ಯಾರ್ಥಿನಿ:

ಕಂಚುಗಾರ ಅವರು ಹೇಳಿದ ಪರೀಕ್ಷೆಗಳೆಲ್ಲ ಸರಿ. ಆದರೆ ಅವೆಲ್ಲದರಲ್ಲೂ ಗೆದ್ದ ಶಿರಸ್ತ್ರಾಣದ ಬಗ್ಗೆಯೇ ನನಗೆ ಹೆಚ್ಚು ಆತಂಕ. ಅದು ಅಸಲಿಯಾದರೆ ಎಲ್ಲಿಂದಲೋ ಬಂದಿರಲೇಬೇಕು, ಆ ‘ಎಲ್ಲಿ’ ಎಂಬುದು ನಿಮ್ಮ ಹಾಳೆಯಲ್ಲಿಲ್ಲ.

ನಾನು ರೋಮಿನಲ್ಲಿ ಪುರಾತತ್ತ್ವ ಓದುತ್ತಿದ್ದೇನೆ. ಸಿಕ್ಕ ಜಾಗ ತಿಳಿದಿದ್ದರೆ ನೀವು ನೋಡುತ್ತಿರುವಂಥದ್ದೇ ಒಂದು ವಸ್ತು ಎಷ್ಟು ಹೇಳಬಲ್ಲದು ಎನ್ನುವುದಕ್ಕೆ ಎಟ್ರಸ್ಕನ್ ಪಟ್ಟಣವಾದ ವೆತುಲೋನಿಯಾಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ವೃತ್ತಿಯಿಂದ ವೈದ್ಯರಾಗಿದ್ದ ಇಸಿದೋರೊ ಫಾಲ್ಕಿ ಅವರು ಆ ಮರೆತುಹೋದ ಪಟ್ಟಣವನ್ನು ಗುರುತಿಸಿ ಅಗೆಯುತ್ತಿದ್ದಾಗ, 20ನೆಯ ಶತಮಾನದ ಆರಂಭದಲ್ಲಿ, ಕೋಟೆಗೋಡೆಯ ಬಳಿ ನೂರಕ್ಕೂ ಹೆಚ್ಚು ನೆಗಾವು ಮಾದರಿಯ ಶಿರಸ್ತ್ರಾಣಗಳು ಒಂದೇ ಕಡೆ ಸಿಕ್ಕವು. ಅವುಗಳಲ್ಲಿ ಹಲವನ್ನು ಮತ್ತೆ ಬಳಸಲಾಗದಂತೆ ಬೇಕೆಂದೇ ಜಜ್ಜಲಾಗಿತ್ತು. ಅನೇಕ ಶಿರಸ್ತ್ರಾಣಗಳ ಮೇಲೆ ‘ಹಸ್ಪ್ನಾಸ್’ ಎಂಬ ಒಂದೇ ಮನೆತನದ ಹೆಸರನ್ನು ಕೊರೆಯಲಾಗಿತ್ತು. ಒಂದು ಮನೆತನ ತನ್ನ ಹೆಸರು ಕೊರೆದ ಶಿರಸ್ತ್ರಾಣಗಳನ್ನು ತೊಡಿಸಿ ಅಷ್ಟು ಜನರನ್ನು ಯುದ್ಧಕ್ಕೆ ಕಳಿಸುತ್ತಿತ್ತು ಎಂದರೆ, ಎಟ್ರಸ್ಕನ್ ನಗರಗಳಲ್ಲಿ ಸೈನ್ಯ ಎನ್ನುವುದು ಯಾರ ಕೈಯಲ್ಲಿತ್ತು ಎಂಬ ಪ್ರಶ್ನೆಗೇ ಅಲ್ಲಿ ಉತ್ತರ ಸಿಗತೊಡಗುತ್ತದೆ. ಕ್ರಿ.ಪೂ. 477ರಲ್ಲಿ ರೋಮಿನ ಫಾಬಿಯಸ್ ಮನೆತನದವರು ತಮ್ಮವರನ್ನೇ ಕಟ್ಟಿಕೊಂಡು ಎಟ್ರಸ್ಕನ್ ನಗರವಾದ ವೇಯಿಯ ವಿರುದ್ಧ ಹೋಗಿ ಕ್ರೆಮೆರಾ ಹೊಳೆಯ ದಂಡೆಯಲ್ಲಿ ನಾಶವಾದರೆಂದು ರೋಮಿನ ಇತಿಹಾಸಕಾರ ಲಿವಿ ಬರೆಯುತ್ತಾನೆ. ಆ ಕಥೆಯ ಪಕ್ಕದಲ್ಲಿ ವೆತುಲೋನಿಯಾದ ಈ ರಾಶಿಯನ್ನಿಟ್ಟು ನೋಡಿ.

ಇವೇ ಶಿರಸ್ತ್ರಾಣಗಳನ್ನು ಯಾರೋ ರಾತ್ರಿ ಹೊತ್ತು ಅಗೆದು, ಜಜ್ಜಿದ್ದನ್ನು ನೆಟ್ಟಗೆ ಮಾಡಿಸಿ, ಒಂದೊಂದಾಗಿ ನೂರು ಮನೆಗಳಿಗೆ ಮಾರಿದ್ದರೆ? ಪ್ರತಿಯೊಂದೂ ಅಸಲಿಯಾಗಿಯೇ ಇರುತ್ತಿತ್ತು. ಜಜ್ಜಿದ ಗುರುತನ್ನು ‘ಹಾನಿ’ ಎಂದು ಬಗೆದು ತಿದ್ದಿಬಿಡುತ್ತಿದ್ದರು, ಕೊರೆದ ಹೆಸರನ್ನು ಬೆಲೆ ಹೆಚ್ಚಿಸುವ ವಿಶೇಷವೆಂದು ಹೊಗಳುತ್ತಿದ್ದರು.

ತಾರ್ಕ್ವಿನಿಯಾದ ಊರಿನೊಳಗಿನ ಪವಿತ್ರ ಸ್ಥಳದಲ್ಲಿ 1980ರ ದಶಕದಲ್ಲಿ ಒಂದು ಕಂಚಿನ ಕೊಡಲಿ, ಒಂದು ಗುರಾಣಿ, ಒಂದು ಕೊಂಬುಕಹಳೆ ಸಿಕ್ಕವು. ಕ್ರಿ.ಪೂ. 7ನೆಯ ಶತಮಾನದ ಆರಂಭದ ಸುಮಾರಿನವು. ಮೂರನ್ನೂ ಒಟ್ಟಿಗೆ ಇಟ್ಟಿದ್ದರು, ಕಹಳೆಯನ್ನು ಬಗ್ಗಿಸಿದ್ದರು, ಗುರಾಣಿಯನ್ನು ಮಡಚಿದ್ದರು. ಅಧಿಕಾರದ ಲಾಂಛನಗಳನ್ನು ದೇವರಿಗೆ ಒಪ್ಪಿಸಿ ಲೋಕದ ಬಳಕೆಯಿಂದ ತೆಗೆದುಹಾಕುವ ವಿಧಿ ಅದು. ಮಾರುಕಟ್ಟೆಗೆ ಬಂದಿದ್ದರೆ ಇವು ಮೂರು ಬೇರೆ ಬೇರೆ ವಸ್ತುಗಳಾಗಿ, ಅದರಲ್ಲೂ ಕೆಟ್ಟುಹೋದ ವಸ್ತುಗಳಾಗಿ, ಮೂರು ದಿಕ್ಕಿಗೆ ಹೋಗುತ್ತಿದ್ದವು.

ಹಳೆಯ ಸಂಗ್ರಾಹಕ:

ಮಾನ್ಯರೇ, ಮೂವತ್ತು ವರ್ಷಗಳಿಂದ ಬೆಂಗಳೂರಿನಲ್ಲಿ ನಾಣ್ಯ ಸಂಗ್ರಹಿಸುತ್ತಿರುವವನು ನಾನು. ಸಂಗ್ರಾಹಕರೆಲ್ಲರನ್ನೂ ಕಳ್ಳರ ಸಾಲಿನಲ್ಲಿ ನಿಲ್ಲಿಸುವ ಮಾತನ್ನು ನಾನು ಒಪ್ಪಲಾರೆ. ಪ್ಯಾರಿಸಿನ ಲೂವ್ರ್ ಮ್ಯೂಸಿಯಂನಲ್ಲಿರುವ ಎಟ್ರಸ್ಕನ್ ವಸ್ತುಗಳ ದೊಡ್ಡ ಪಾಲು ಮಾರ್ಕ್ವಿಸ್ ಕಂಪಾನಾ ಅವರ ಖಾಸಗಿ ಸಂಗ್ರಹದ್ದು, ಮೂರನೆಯ ನೆಪೋಲಿಯನ್ ಅದನ್ನು 1861ರಲ್ಲಿ ಕೊಂಡನು. ಬರ್ಲಿನ್ನಿನ ಆಕ್ಸೆಲ್ ಗುಟ್ಮನ್ ನೂರಾರು ಪ್ರಾಚೀನ ಶಿರಸ್ತ್ರಾಣಗಳನ್ನು ಕೂಡಿಸಿ, ಸ್ವಚ್ಛಗೊಳಿಸಿ, ವಿದ್ವಾಂಸರಿಗೆ ತೋರಿಸಿ ಅಧ್ಯಯನಕ್ಕೆ ದಾರಿ ಮಾಡಿದರು. ಅವರು 2001ರಲ್ಲಿ ತೀರಿಕೊಂಡ ಮೇಲೆ ಸಂಗ್ರಹ ಹರಾಜಾಯಿತು, ಅದರಲ್ಲಿ ಹಲವು ವಸ್ತುಗಳು ಫ್ರಾನ್ಸಿನ ಮೂಜಾನ್‌ನಲ್ಲಿ 2011ರಲ್ಲಿ ತೆರೆದ ಖಾಸಗಿ ಮ್ಯೂಸಿಯಂನಲ್ಲಿ ಸಾರ್ವಜನಿಕರಿಗೆ ಕಂಡವು. ಮ್ಯೂಸಿಯಂಗಳ ಉಗ್ರಾಣಗಳಲ್ಲಿ ಧೂಳು ಹಿಡಿದು ಕೂತಿರುವ ವಸ್ತುಗಳ ಸಂಖ್ಯೆ ಕಡಿಮೆಯೇನಲ್ಲ.

ತುಂಗಾತೀರ ಅವರಿಗೆ ಒಂದು ವ್ಯಾವಹಾರಿಕ ಮಾತು. ಮಾರುಕಟ್ಟೆಯಲ್ಲಿ ‘ಎಟ್ರಸ್ಕನ್’ ಎಂಬ ಪದವನ್ನು ಬಹಳ ಸಡಿಲವಾಗಿ ಬಳಸುತ್ತಾರೆ. ದಕ್ಷಿಣ ಇಟಲಿಯ ಅಪುಲಿಯಾದಲ್ಲಿ ಮಾಡಿದ, ಕಣ್ಣಿನ ತೂತುಗಳು ಬರಿಯ ಅಲಂಕಾರವಾಗಿ ಉಳಿದು ತಲೆಯ ಮೇಲೆ ಟೋಪಿಯಂತೆ ಕೂರುವ ಕೊರಿಂಥ್ ಮಾದರಿಯ ಶಿರಸ್ತ್ರಾಣಗಳನ್ನೂ, ಆಡ್ರಿಯಾಟಿಕ್ ತೀರದ ಪಿಚೇನರೆಂಬ ಜನರ ವಸ್ತುಗಳನ್ನೂ ಅದೇ ಹೆಸರಿನಲ್ಲಿ ಮಾರುತ್ತಾರೆ. ‘ನೆಗಾವು’ ಎಂಬ ಹೆಸರಾದರೂ ಇಟಲಿಯದ್ದಲ್ಲ. ಈಗಿನ ಸ್ಲೊವೇನಿಯಾದಲ್ಲಿರುವ ಆ ಊರಿನ ಬಳಿ 19ನೆಯ ಶತಮಾನದ ಆರಂಭದಲ್ಲಿ 26 ಶಿರಸ್ತ್ರಾಣಗಳು ಒಟ್ಟಿಗೆ ಸಿಕ್ಕಿದ್ದರಿಂದ ಬಂದ ಹೆಸರು. ಆಲ್ಪ್ಸ್ ಸೀಮೆಯ ಜನ ಈ ಮಾದರಿಯನ್ನು ತಾವೂ ಮಾಡಿಕೊಂಡು ಎಟ್ರಸ್ಕನ್ನರ ನಂತರವೂ ಬಹಳ ಕಾಲ ತೊಟ್ಟರು. ನಿಮಗೆ ತೋರಿಸಿದ್ದು ಇಟಲಿಯದ್ದೋ ಆಲ್ಪ್ಸಿನದ್ದೋ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ವಕೀಲೆ, ಧಾರವಾಡ:

ಕಾನೂನಿನ ಪ್ರಶ್ನೆಗೆ ಚಿಕ್ಕದಾಗಿ ಉತ್ತರಿಸುತ್ತೇನೆ. ಇಟಲಿಯಲ್ಲಿ ನೆಲದಡಿ ಸಿಕ್ಕ ಪುರಾತನ ವಸ್ತು ಸರ್ಕಾರದ್ದು ಎಂಬ ತತ್ತ್ವ 1909ರ ಕಾಯ್ದೆಯಿಂದ ಗಟ್ಟಿಯಾಯಿತು, 1939ರ ಕಾಯ್ದೆಯೂ 2004ರ ಸಂಹಿತೆಯೂ ಅದನ್ನೇ ಮುಂದುವರಿಸಿದವು. ಆದ್ದರಿಂದ ‘1970ಕ್ಕಿಂತ ಹಿಂದಿನದು’ ಎಂಬ ಸಾಲು ವ್ಯಾಪಾರಿ ಭಾವಿಸಿದಷ್ಟು ರಕ್ಷಣೆ ಕೊಡುವುದಿಲ್ಲ. 1970 ಎಂಬುದು ಸಾಂಸ್ಕೃತಿಕ ವಸ್ತುಗಳ ಅಕ್ರಮ ಸಾಗಣೆ ತಡೆಯುವ ಯುನೆಸ್ಕೋ ಒಪ್ಪಂದದ ವರ್ಷ. ಮ್ಯೂಸಿಯಂಗಳು ಅದನ್ನು ತಮ್ಮ ನೀತಿಯ ಗಡಿಯಾಗಿ ಇಟ್ಟುಕೊಂಡಿವೆ ಅಷ್ಟೆ. 1950ರಲ್ಲಿ ಕದ್ದು ಅಗೆದದ್ದೂ ಇಟಲಿಯ ಕಾನೂನಿನಲ್ಲಿ ಕದ್ದದ್ದೇ.

ನೀವಿರುವ ಜರ್ಮನಿಯಲ್ಲಿ 2016ರಿಂದ ಸಾಂಸ್ಕೃತಿಕ ಆಸ್ತಿಯ ರಕ್ಷಣೆಗೆ ಹೊಸ ಕಾಯ್ದೆ ಜಾರಿಯಲ್ಲಿದೆ, ವಸ್ತು ಎಲ್ಲಿಂದ ಬಂತೆಂದು ಪರಿಶೀಲಿಸುವ ಹೊಣೆಯನ್ನು ಅದು ಮಾರುವವರ ಮೇಲೂ ಹೊರಿಸುತ್ತದೆ. ಆ ಪರಿಶೀಲನೆಯ ಕಾಗದಗಳನ್ನು ನೀವು ನಿಸ್ಸಂಕೋಚವಾಗಿ ಕೇಳಬಹುದು. ಊರಿಗೆ ತರುವ ಯೋಚನೆಯಿದ್ದರೆ ಇನ್ನೊಂದು ವಿಷಯ ನೆನಪಿರಲಿ. ನಮ್ಮ 1972ರ ಪುರಾತನ ವಸ್ತುಗಳ ಕಾಯ್ದೆ ನೂರು ವರ್ಷ ದಾಟಿದ ಪುರಾತನ ವಸ್ತುಗಳನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವುದನ್ನು ತಡೆಯುತ್ತದೆ. ಒಮ್ಮೆ ಬಂದ ವಸ್ತುವನ್ನು ಮರಳಿ ಒಯ್ಯುವಾಗ ಅದು ಇಲ್ಲಿಯದಲ್ಲವೆಂದು ತೋರಿಸಲು ನಿಮಗೆ ಬೇಕಾಗುವುದೂ ಈಗ ನಿಮ್ಮ ಹತ್ತಿರ ಇಲ್ಲದ ಅದೇ ಕಾಗದಗಳು.

ತುಂಗಾತೀರ:

ಎಲ್ಲರಿಗೂ ಧನ್ಯವಾದ. ಇಷ್ಟು ವಿವರವಾದ ಉತ್ತರಗಳನ್ನು ನಾನು ನಿರೀಕ್ಷಿಸಿರಲಿಲ್ಲ. ಒಂದು ಸಂದೇಹ ಉಳಿದಿದೆ. ಕಳುವಾದ ವಸ್ತುಗಳ ದಾಖಲೆಯಲ್ಲಿ ಹುಡುಕಿಸಿದ್ದೇವೆ, ಅಲ್ಲಿ ಈ ಶಿರಸ್ತ್ರಾಣ ಇಲ್ಲ ಎಂದು ವ್ಯಾಪಾರಿ ಹೇಳುತ್ತಾರೆ. ಅದು ಸಾಕಾಗುವುದಿಲ್ಲವೇ?

ಉತ್ಖನನ ವಿದ್ಯಾರ್ಥಿನಿ:

ಸಾಕಾಗುವುದಿಲ್ಲ, ಕಾರಣ ಬಹಳ ಸರಳ. ಮ್ಯೂಸಿಯಂನಿಂದ, ಚರ್ಚಿನಿಂದ, ಮನೆಯಿಂದ ಕಳುವಾದ ವಸ್ತುವಿನ ಚಿತ್ರವನ್ನು ಯಾರಾದರೂ ಮೊದಲೇ ತೆಗೆದಿರುತ್ತಾರೆ, ಅದು ದಾಖಲೆಗೆ ಸೇರುತ್ತದೆ. ಸಮಾಧಿಯೊಳಗಿಂದ ನೇರವಾಗಿ ತೆಗೆದದ್ದನ್ನು ಅದಕ್ಕೆ ಮೊದಲು ಕಂಡವರು ಅದನ್ನು ಇಟ್ಟು ಬಾಗಿಲು ಮುಚ್ಚಿದ ಜನ ಮಾತ್ರ. ಇಟಲಿಯಲ್ಲಿ ಇಂಥ ಅಗೆತಗಾರರನ್ನು ‘ತೊಂಬರೋಲಿ’ ಎಂದು ಕರೆಯುತ್ತಾರೆ. ಉದ್ದನೆಯ ಉಕ್ಕಿನ ಸರಳನ್ನು ನೆಲಕ್ಕೆ ಚುಚ್ಚುತ್ತ ಹೋಗುತ್ತಾರೆ, ಕೆಳಗೆ ಟೊಳ್ಳು ತಾಗಿದರೆ ಅಲ್ಲಿ ಕೋಣೆಯಿದೆ ಎಂದು ಕೈಗೇ ಗೊತ್ತಾಗುತ್ತದೆಯಂತೆ. ರೋಮಿನ ಬಳಿಯ ಎಟ್ರಸ್ಕನ್ ಊರಾದ ಚೆರ್ವೆತೆರಿಯ ಸುತ್ತಲಿನ ಗುಡ್ಡಗಳಲ್ಲಿ ಹೀಗೆ ಬರಿದಾದ ಸಮಾಧಿಗಳ ಒಳಗೆ ನಾನು ಇಳಿದಿದ್ದೇನೆ. ಒಡೆದ ಮಡಕೆ ಚೂರುಗಳು, ಕಿತ್ತು ಬಿಸಾಡಿದ ಮೂಳೆಗಳು, ಪ್ಲಾಸ್ಟಿಕ್ ಬಾಟಲಿಗಳು. ಕೊಳ್ಳುವವರಿಲ್ಲದ ಯಾವುದನ್ನೂ ಅವರು ಉಳಿಸುವುದಿಲ್ಲ.

ಅಗೆದವರೇ ಚಿತ್ರ ತೆಗೆದು ಇಟ್ಟುಕೊಂಡ ಪ್ರಸಂಗವೂ ಉಂಟು. 1995ರಲ್ಲಿ ಜಿನೀವಾದಲ್ಲಿ ಜಾಕೊಮೊ ಮೆದಿಚಿ ಎಂಬ ದಲ್ಲಾಳಿಯ ಉಗ್ರಾಣದ ಮೇಲೆ ದಾಳಿ ನಡೆದಾಗ ಸಾವಿರಾರು ಚಿತ್ರಗಳು ಸಿಕ್ಕವು, ಅನೇಕವು ಮಣ್ಣು ಮೆತ್ತಿದ, ಆಗತಾನೇ ಮೇಲೆತ್ತಿದ ವಸ್ತುಗಳ ಪೋಲರಾಯ್ಡ್ ಚಿತ್ರಗಳು. ಆ ತನಿಖೆಯ ಬೆನ್ನಲ್ಲೇ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ 1972ರಲ್ಲಿ ಕೊಂಡಿದ್ದ, ಗ್ರೀಕ್ ಚಿತ್ರಕಾರ ಯೂಫ್ರೋನಿಯಸ್‌ನ ಪ್ರಸಿದ್ಧ ಮಣ್ಣಿನ ಪಾತ್ರೆಯನ್ನು 2008ರಲ್ಲಿ ಇಟಲಿಗೆ ಹಿಂತಿರುಗಿಸಿತು. ಅದು ಚೆರ್ವೆತೆರಿಯ ಎಟ್ರಸ್ಕನ್ ಸಮಾಧಿಯೊಂದರಿಂದ ಕದ್ದು ತೆಗೆದದ್ದು.

ಹಳೆಯ ಸಂಗ್ರಾಹಕ ಅವರೇ, ಸಂಗ್ರಾಹಕರನ್ನು ನಾನು ಕಳ್ಳರೆಂದಿಲ್ಲ. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂ 19ನೆಯ ಶತಮಾನದ ಕೊನೆಯಲ್ಲಿ ಕೊಂಡ ನಾರ್ಚೆಯ ವಸ್ತುಗಳನ್ನು ನೋಡಿ. ನಾರ್ಚೆ ಎಟ್ರಸ್ಕನ್ನರ ನೆರೆಯ ಫಾಲಿಸ್ಕನ್ನರ ಸೀಮೆಯ ಊರು. ಅಲ್ಲಿಯ 43ನೆಯ ಸಮಾಧಿಯಿಂದ ಬಂದ ತುರಾಯಿ ಶಿರಸ್ತ್ರಾಣವೂ ಹೆಗಲಿನಿಂದ ಇಳಿಬಿಡುವ ಕಂಚಿನ ಕವಚವೂ ಇಂದಿಗೂ ಜೊತೆಯಲ್ಲಿವೆ, ಯಾವ ಸಮಾಧಿಯವು ಎಂಬ ಗುರುತೂ ಉಳಿದಿದೆ. ಹಣ ಕೊಟ್ಟು ಕೊಂಡದ್ದೇ ಆದರೂ ಅವು ಮಾತನಾಡುತ್ತವೆ, ಏಕೆಂದರೆ ಕೊಂಡವರು ಗುರುತನ್ನೂ ಕೊಂಡರು. ಗುಟ್ಮನ್ ಅವರ ಸಂಗ್ರಹದ ಬಹುಪಾಲು ಶಿರಸ್ತ್ರಾಣಗಳ ಬಗ್ಗೆ ಹೀಗೆ ಹೇಳಲು ಸಾಧ್ಯವೇ? ಮೂಜಾನ್‌ನ ಆ ಮ್ಯೂಸಿಯಂ ಕೂಡ 2023ರಲ್ಲಿ ಮುಚ್ಚಿತು, ವಸ್ತುಗಳು ಮತ್ತೆ ಹರಾಜಿಗೆ ಹೋದವು.

ಹಳೆಯ ಸಂಗ್ರಾಹಕ:

ಉಗ್ರಾಣದ ಮಾತನ್ನು ನಾನು ಹಿಂದೆಗೆಯುವುದಿಲ್ಲ. ಆದರೆ ಸಮಾಧಿಯ ಗುರುತಿನ ವಿಷಯದಲ್ಲಿ ನಿಮ್ಮ ವಾದ ನ್ಯಾಯವಾಗಿದೆ, ಒಪ್ಪಿಕೊಳ್ಳುತ್ತೇನೆ. ನನ್ನ ನಾಣ್ಯಗಳಲ್ಲೂ ಯಾವ ಊರಿನ ಯಾವ ನಿಧಿಯವು ಎಂದು ತಿಳಿದವು ಕೈಬೆರಳೆಣಿಕೆಯಷ್ಟೇ ಇವೆ. ಉಳಿದವುಗಳ ಬಗ್ಗೆ ನನಗೆ ಕೊಟ್ಟವರನ್ನು ಆಗಲೇ ಕೇಳಬೇಕಾಗಿತ್ತು, ಕೇಳಲಿಲ್ಲ.

ಕಂಚುಗಾರ:

ಮೆಟ್ರೊಪಾಲಿಟನ್ ಮ್ಯೂಸಿಯಂನ ಹೆಸರು ಬಂದಿದ್ದರಿಂದ ಇದನ್ನೂ ಹೇಳಿಬಿಡುತ್ತೇನೆ. 1915ರಿಂದ 1921ರ ನಡುವೆ ಆ ಮ್ಯೂಸಿಯಂ ಮೂರು ಭಾರೀ ಎಟ್ರಸ್ಕನ್ ಯೋಧರ ಸುಟ್ಟಮಣ್ಣಿನ ಶಿಲ್ಪಗಳನ್ನು ಕೊಂಡಿತು. ಅವು ನಕಲಿ, ಮಾಡಿದ್ದು ಇಟಲಿಯ ರಿಕಾರ್ಡಿ ಕುಟುಂಬದವರು ಮತ್ತು ಅವರ ಜೊತೆಗಾರ ಅಲ್ಫ್ರೆದೊ ಫಿಯೊರವಂತಿ. ಅಷ್ಟು ದೊಡ್ಡದನ್ನು ಇಡಿಯಾಗಿ ಸುಡುವ ಗೂಡು ಅವರಲ್ಲಿರಲಿಲ್ಲ, ಆದ್ದರಿಂದ ಒಡೆದು ಚೂರು ಮಾಡಿ ಸುಟ್ಟರು. ಕೊಂಡವರಿಗೆ ಆ ಒಡಕೇ ಪ್ರಾಚೀನತೆಯ ಗುರುತಾಗಿ ಕಂಡಿತು. ಕಪ್ಪು ಮೆರುಗಿನಲ್ಲಿ ಆ ಕಾಲಕ್ಕೆ ಸಲ್ಲದ ಮ್ಯಾಂಗನೀಸ್ ಇದೆಯೆಂದು ರಾಸಾಯನಿಕ ಪರೀಕ್ಷೆ ತೋರಿಸಿತು. 1961ರಲ್ಲಿ ಫಿಯೊರವಂತಿ ರೋಮಿನಲ್ಲಿ ತಪ್ಪೊಪ್ಪಿಗೆಗೆ ಸಹಿ ಹಾಕಿ, ಒಂದು ಶಿಲ್ಪದ ಕೈಯಲ್ಲಿ ಇಲ್ಲದಿದ್ದ, ತಾನೇ ಇಟ್ಟುಕೊಂಡಿದ್ದ ಹೆಬ್ಬೆರಳನ್ನು ತಂದು ತೋರಿಸಿದನು. ಅದು ಸರಿಯಾಗಿ ಕೂತಿತು. ಅತ್ಯುತ್ತಮ ವಿದ್ವಾಂಸರ ಕಣ್ಣಿನ ಕೆಳಗೆ ಆ ಯೋಧರು ನಲವತ್ತು ವರ್ಷ ನಿಂತಿದ್ದರು. ಸಿಕ್ಕ ಜಾಗವನ್ನು ತೋರಿಸಿ ಎಂದು ಯಾರಾದರೂ ಪಟ್ಟು ಹಿಡಿದಿದ್ದರೆ ವಂಚನೆ ಮೊದಲ ದಿನವೇ ನಿಲ್ಲುತ್ತಿತ್ತು, ಏಕೆಂದರೆ ತೋರಿಸಲು ಜಾಗವೇ ಇರಲಿಲ್ಲ.

ಎಂಥ ಕಂಚನ್ನಾದರೂ ಮನೆಗೆ ತಂದರೆ ಒಂದು ಎಚ್ಚರಿಕೆ. ಹಸಿರಿನ ನಡುವೆ ತಿಳಿಹಸಿರು ಪುಡಿ ಉದುರತೊಡಗಿದರೆ ಅದು ಕಂಚಿನ ರೋಗ. ಒಳಗೆ ಉಳಿದ ಕ್ಲೋರೈಡು ಗಾಳಿಯ ತೇವ ಸೇರಿದ ಕೂಡಲೇ ಲೋಹವನ್ನು ತಿನ್ನತೊಡಗುತ್ತದೆ. ತೀರ್ಥಹಳ್ಳಿಯ ಮಳೆಗಾಲದಲ್ಲಿ ಅಂಥ ವಸ್ತುವನ್ನು ಕಾಪಾಡಬೇಕಾದರೆ ಬಿಗಿಯಾದ ಪೆಟ್ಟಿಗೆ, ಸಿಲಿಕಾ ಜೆಲ್, ಆರ್ದ್ರತೆ ಅಳೆಯುವ ಮಾಪಕ ಇಲ್ಲದೆ ಸಾಧ್ಯವಿಲ್ಲ.

ತುಂಗಾತೀರ:

ಮೂರು ವಾರಗಳ ನಂತರ ಬರೆಯುತ್ತಿದ್ದೇನೆ. ಹಿಂದಿನ ಒಡೆಯರ ರಸೀದಿ, ಇಟಲಿಯಿಂದ ಹೊರಗೆ ಬಂದ ದಾಖಲೆ, ಹಳೆಯ ಚಿತ್ರ, ಕ್ಷ-ಕಿರಣದ ಚಿತ್ರ, ಈ ನಾಲ್ಕನ್ನು ವ್ಯಾಪಾರಿಗೆ ಬರಹದಲ್ಲಿ ಕೇಳಿದೆ. ಮನೆ ಬದಲಾಯಿಸುವಾಗ ಕಾಗದಗಳು ಕಳೆದುಹೋದವು ಎಂಬ ಉತ್ತರ ಬಂತು. ಮರುದಿನ ಬೆಲೆಯನ್ನು ಕಾಲುಭಾಗ ಇಳಿಸಿ ಇನ್ನೊಂದು ಪತ್ರ ಬರೆದರು. ಅವರು ಕಳಿಸಿದ ಹತ್ತಿರದ ಚಿತ್ರಗಳಲ್ಲಿ ಅಂಚಿನ ಒಳಮಗ್ಗುಲಲ್ಲಿ, ಅಸ್ತರಿ ಹೊಲಿಯುವ ತೂತುಗಳ ಸುತ್ತ, ಇನ್ನೂ ಒಣಮಣ್ಣು ಕೂತಿತ್ತು. ಐವತ್ತು ವರ್ಷ ಯಾರದೋ ಬೈಠಕ್ಕಿನ ಕಪಾಟಿನಲ್ಲಿದ್ದ ವಸ್ತುವಿನಲ್ಲಿ ಆ ಮಣ್ಣು ಇನ್ನೂ ಏಕಿರಬೇಕು ಎಂದು ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ನಾನು ಕೊಳ್ಳಲಿಲ್ಲ. ಆ ಶಿರಸ್ತ್ರಾಣದ ಚಿತ್ರಗಳನ್ನು ಏನು ಮಾಡಬೇಕೆಂದು ಯೋಚಿಸಿ, ಕೊನೆಗೆ ಇಟಲಿಯ ಕ್ಯಾರಬಿನಿಯೇರಿ ಪೊಲೀಸರ ಸಾಂಸ್ಕೃತಿಕ ಆಸ್ತಿ ರಕ್ಷಣಾ ದಳಕ್ಕೆ ಕಳಿಸಿದ್ದೇನೆ.

ಬೇಸರವಾಗಲಿಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಅದನ್ನು ಒಮ್ಮೆ ಕೈಯಲ್ಲಿ ಹಿಡಿದಿದ್ದೆ, ಎಷ್ಟು ತೆಳುವಾಗಿಯೂ ಎಷ್ಟು ಗಟ್ಟಿಯಾಗಿಯೂ ಇತ್ತೆಂಬುದು ಇನ್ನೂ ಅಂಗೈಯಲ್ಲಿದೆ. ಈಗ ಪ್ರಕಟವಾದ ಉತ್ಖನನ ವರದಿಗಳಿಂದ ಸಿಕ್ಕ ಜಾಗ ತಿಳಿದಿರುವ ನೆಗಾವು ಶಿರಸ್ತ್ರಾಣಗಳ ಅಳತೆ, ಬರಹ, ಜೊತೆಗೆ ಸಿಕ್ಕ ವಸ್ತುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡತೊಡಗಿದ್ದೇನೆ. ಮೊದಲ ಪುಟದಲ್ಲಿರುವುದು ಬ್ರಿಟಿಷ್ ಮ್ಯೂಸಿಯಂನದು. ಕ್ರಿ.ಪೂ. 474ರಲ್ಲಿ ಇಟಲಿಯ ಕ್ಯೂಮೆಯ ಬಳಿಯ ಕಡಲ ಯುದ್ಧದಲ್ಲಿ ಎಟ್ರಸ್ಕನ್ನರನ್ನು ಸೋಲಿಸಿದ ಸಿಸಿಲಿಯ ಗ್ರೀಕ್ ನಗರ ಸಿರಕ್ಯೂಸಿನ ದೊರೆ ಹಿಯೆರೊ ಅದನ್ನು ಗ್ರೀಸಿನ ಒಲಿಂಪಿಯಾದಲ್ಲಿ ಜ್ಯೂಸ್‌ಗೆ ಅರ್ಪಿಸಿ, ಯಾರು, ಯಾರಿಗೆ, ಎಲ್ಲಿಯ ಗೆಲುವಿನಿಂದ ಎಂಬುದನ್ನೆಲ್ಲ ಗ್ರೀಕ್ ಅಕ್ಷರಗಳಲ್ಲಿ ಅದರ ಮೇಲೆಯೇ ಕೊರೆಸಿದ್ದಾನೆ. ಮುಂದಿನ ತಿಂಗಳು ಇಟಲಿಗೆ ಹೋಗುವವನಿದ್ದೇನೆ. ನಾಲ್ಕೇ ದಿನ ರಜೆ. ಯಾವುದನ್ನು ಬಿಡಬಾರದು?

ಉತ್ಖನನ ವಿದ್ಯಾರ್ಥಿನಿ:

ಒಂದು ದಿನ ರೋಮಿನ ವಿಲ್ಲಾ ಜೂಲಿಯಾ ಮ್ಯೂಸಿಯಂಗೆ ಕೊಡಿ. ಇನ್ನೊಂದು ಎಟ್ರಸ್ಕನ್ ನಗರವಾದ ವುಲ್ಚಿಯ ‘ಯೋಧನ ಸಮಾಧಿ’ಯ ಶಿರಸ್ತ್ರಾಣ, ಗುರಾಣಿ, ಮೊಣಕಾಲ ಕೆಳಗಿನ ಕವಚ ಎಲ್ಲ ಅಲ್ಲಿ ಒಟ್ಟಿಗಿವೆ. ವುಲ್ಚಿಯದೇ ಇನ್ನೊಂದು ಶಿರಸ್ತ್ರಾಣ 1930ರಲ್ಲಿ ಸಿಕ್ಕಿದ್ದು, ಅದರ ಒಳಮೈಯಲ್ಲಿರುವ ಎಟ್ರಸ್ಕನ್ ಬರಹ ಕಣ್ಣಿಗೆ ಬಿದ್ದದ್ದು 2019ರಲ್ಲಿ! ಮರುದಿನ ಚೆರ್ವೆತೆರಿಯ ಬಂದಿತಾಚಾ ಎಂಬ ಪ್ರಾಚೀನ ಸ್ಮಶಾನದಲ್ಲಿ ‘ಉಬ್ಬುಶಿಲ್ಪಗಳ ಸಮಾಧಿ’ ನೋಡಿ. ಕ್ರಿ.ಪೂ. 4ನೆಯ ಶತಮಾನದ ಒಂದು ಕುಟುಂಬ ತನ್ನ ಶಿರಸ್ತ್ರಾಣ, ಖಡ್ಗ, ಗುರಾಣಿಗಳನ್ನು ಗೋಡೆಯ ಮೇಲೆ ಗಾರೆಯಲ್ಲಿ ಮಾಡಿಸಿ ಬಣ್ಣ ಹಚ್ಚಿಸಿದೆ, ಅಡುಗೆಮನೆಯ ಸಾಮಾನುಗಳ ಜೊತೆಗೇ. ಯಾವುದನ್ನು ಎಲ್ಲಿ ತೂಗುಹಾಕುತ್ತಿದ್ದರು ಎನ್ನುವುದು ಹಾಗೆಯೇ ಉಳಿದಿದೆ.

ಮೂರನೆಯ ದಿನ ರೈಲಿನಲ್ಲಿ ಗ್ರೊಸ್ಸೆತೊಗೆ ಹೋಗಿ, ಅಲ್ಲಿಂದ ರಸ್ತೆಯಲ್ಲಿ ವೆತುಲೋನಿಯಾದ ಗುಡ್ಡ ಹತ್ತಿ. ಫಾಲ್ಕಿ ಅವರ ಹೆಸರಿನ ಮ್ಯೂಸಿಯಂ ಚಿಕ್ಕದು, ಅವಸರವಿಲ್ಲದೆ ನೋಡಬಹುದು. ಕೋಟೆಗೋಡೆಯೂ ಊರಿನೊಳಗೇ ಇದೆ. ಹೊರಡುವ ಮುನ್ನ ತೆರೆದಿರುವ ದಿನಗಳನ್ನು ಫೋನ್ ಮಾಡಿ ಕೇಳಿಕೊಳ್ಳಿ. ಅಳತೆ ಪುಸ್ತಕವನ್ನು ಮರೆಯಬೇಡಿ.